ಮಳೆಗಾಲದ ಕೌದಿ ಕೆಲಸ ಎಲ್ಲಿಗೆ ಬಂತು

ದೊಡ್ಡ ಕೌದಿ ಅರ್ಧ ದಾಟಿದೆ. ಕೂಸಿನ ಕೌದಿ ಮುಗಿದು ಸೇರಬೇಕಾದ ಮನೆ ಸೇರಿದೆ. ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡುಗಳು ಒಗೆದು, ಇಸ್ತ್ರಿಯಾಗಿ ಡಬ್ಬಿಯಲ್ಲಿ ಕೂತಿವೆ. ಧಾರವಾಡದ ಮಳೆಯಲ್ಲಿ ಹೊರಗಿನ ಕೆಲಸ ಕಡಿಮೆ, ಹೊಲಿಗೆ ಜಾಸ್ತಿ. ಈ ವರ್ಷ ಇಷ್ಟು ಸಾಗಿದ್ದಕ್ಕೆ ನನಗೆ ನಿಜಕ್ಕೂ ಖುಷಿ ಇದೆ.

ಮುಗಿದದ್ದರಿಂದ ಶುರು ಮಾಡುತ್ತೇನೆ. ಅಕ್ಕನ ಮೊಮ್ಮಗಳಿಗೆ ಹೊಲಿದದ್ದು, ಮೂರಡಿ ಚೌಕ. ಒಳಗೆ ಹಳೆ ಧೋತರದ ಎರಡು ಪದರ. ಮೇಲೆ ಅಕ್ಕನ ವಾಯಿಲ್ ಸೀರೆಯ ತುಂಡುಗಳು. ಕೂಸಿನ ಕೌದಿಗೆ ಜರಿ ಬೇಡ, ಟೆರಿಕಾಟ್ ಅಂತೂ ಬೇಡವೇ ಬೇಡ. ಟೆರಿಕಾಟ್ ಬೆವರು ಅಷ್ಟಾಗಿ ಹೀರುವುದಿಲ್ಲ, ಸೂಜಿಗೂ ಬಗ್ಗುವುದಿಲ್ಲ. ಪದರ ಮೂರಕ್ಕಿಂತ ಜಾಸ್ತಿ ಹಾಕಲಿಲ್ಲ. ಕೂಸಿನ ಹಾಸಿಗೆ ದಿನಾ ಒಗೆಯಬೇಕು, ಸಂಜೆಯೊಳಗೆ ಒಣಗಬೇಕು, ಅಲ್ವಾ?

ಇದನ್ನು ಹೊಲಿಯುವಾಗ ನಮ್ಮ ಅತ್ತೆ ಪಕ್ಕದಲ್ಲೇ ಕೂತಿದ್ದರು. ಬಟ್ಟೆ ಮೇಲೆ ಕೈಯಾಡಿಸಿ, "ಅಷ್ಟು ಒತ್ತೊತ್ತಾಗಿ ಹಾಕಬ್ಯಾಡವಾ, ಕೌದಿ ಬಿರುಸಾಗ್ತೈತಿ. ಕೂಸು ಮಲಗೋದು ಹಲಗಿ ಮ್ಯಾಲಲ್ಲ" ಅಂದರು. ಆಮೇಲೆ ಸಾಲುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಒಗೆದ ಮೇಲೆ ಬಟ್ಟೆ ಸ್ವಲ್ಪ ಕುಗ್ಗಿ ಸಾಲುಗಳ ನಡುವೆ ಉಬ್ಬಿಕೊಂಡಿತು. ಆ ಉಬ್ಬಿನಲ್ಲೇ ಬೆಚ್ಚಗಿರುವುದು. ನಮ್ಮ ಕಡೆ ಕೌದಿಗೆ ಹತ್ತಿ ತುಂಬುವುದಿಲ್ಲ, ಅದು ಗಾದಿಗೆ, ರಜಾಯಿಗೆ. ಕೌದಿ ಅಂದರೆ ಬಟ್ಟೆ ಮೇಲೆ ಬಟ್ಟೆ, ಅದನ್ನು ಹಿಡಿದಿಡುವ ದಾರ. ಅಷ್ಟೇ.

ಈಗ ದೊಡ್ಡದು. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು.

ಲೆಕ್ಕ ಹೀಗಿದೆ. ಆರು ಗಜದ ಸೀರೆ ಅಂದರೆ 18 ಅಡಿ. ಮೂರು ಮಡಿಕೆ ಹಾಕಿದರೆ ಆರಡಿ ಉದ್ದದ ಮೂರು ಪದರ ಸಿಗುತ್ತದೆ. ಅಗಲ ಸುಮಾರು ನಾಲ್ಕಡಿ. ಒಬ್ಬರು ಹೊದೆಯುವ ಕೌದಿಗೆ ಒಂದೇ ಸೀರೆ ಸಾಕು, ಎಲ್ಲೂ ಕತ್ತರಿ ಹಾಕಬೇಕಿಲ್ಲ. ಸೀರೆಗೂ ಮನುಷ್ಯರ ಮೈಗೂ ಈ ಅಳತೆ ಹೊಂದುವುದು ನನಗೆ ಪ್ರತಿ ಸಲ ಚೆಂದ ಅನಿಸುತ್ತದೆ. ಸಾಲಿಗೆ ಸಾಲು ಅರ್ಧ ಇಂಚು ದೂರ ಇಟ್ಟರೆ ನಾಲ್ಕಡಿ ಅಗಲಕ್ಕೆ 96 ಸಾಲು. ಒಂದೊಂದೂ ಆರಡಿ. ಅಂದರೆ 576 ಅಡಿ ಹೊಲಿಗೆ, ಎಲ್ಲಾ ಕೈಯಿಂದ. ದಾರ ಅದಕ್ಕಿಂತ ಜಾಸ್ತಿಯೇ ಬೇಕು, ಯಾಕಂದರೆ ಅದು ಪದರಗಳ ಒಳಗೆ ಹೊರಗೆ ಹೋಗಿ ಬರುತ್ತದೆ. ಒಂದು ಸಲಕ್ಕೆ ಒಂದು ತೋಳಿನ ಉದ್ದದಷ್ಟು ದಾರ ಪೋಣಿಸುತ್ತೇನೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕುಗಟ್ಟುವುದಿಲ್ಲ.

ಈ ಕೌದಿಯ ಮೇಲಿನ ಪದರ ಅವ್ವನ ಇಳಕಲ್ ಸೀರೆ. ಒಡಲು ಹತ್ತಿಯದು. ಒಗೆದು ಒಗೆದು ಎಷ್ಟು ಮೆತ್ತಗಾಗಿದೆ ಅಂದರೆ ಸೂಜಿ ತಾನೇ ಇಳಿಯುತ್ತದೆ. ಸೆರಗು ರೇಷ್ಮೆಯದು, ಕೆಂಪಿನಲ್ಲಿ ಬಿಳಿ ತೋಪು ತೆನಿ, ಅಂದರೆ ಇಳಕಲ್ ಸೆರಗಿನ ಚಿತ್ತಾರ. ಇಳಕಲ್‌ನಲ್ಲಿ ಒಡಲಿನ ಹಾಸೆಳೆ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆ), ಸೆರಗಿನ ಹಾಸೆಳೆ ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯ ಗೆರೆ ಹತ್ತಿರದಿಂದ ನೋಡಿದರೆ ಕಾಣುತ್ತದೆ. ಅದನ್ನು ಒಳಗೆ ಮಡಿಸಿ ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಕೌದಿಯ ತಲೆಯ ಕಡೆ ಅದು ಅಡ್ಡಲಾಗಿ ಹಾಯುವಂತೆ ಇಟ್ಟಿದ್ದೇನೆ. ರೇಷ್ಮೆ ಅಲ್ಲಲ್ಲಿ ಜಾಳಾಗಿತ್ತು. ಅಲ್ಲೆಲ್ಲ ಹಿಂದಿನಿಂದ ಧೋತರದ ತೇಪೆ ಕೊಟ್ಟೆ. ಹೊಲಿಗೆ ಸಾಲು ಬಿದ್ದ ಮೇಲೆ ಅದು ಮತ್ತೆ ಗಟ್ಟಿಯಾಗಿದೆ.

ಹೊಲಿಯುವ ದಾರಿಯನ್ನು ಈ ಸಲ ಬದಲಿಸಿದ್ದೇನೆ. ಇಲ್ಲಿಯವರೆಗೆ ಉದ್ದಕ್ಕೆ ನೆಟ್ಟಗೆ ಸಾಲು ಹಾಕುತ್ತಿದ್ದೆ. ಈಗ ಒಂದು ಮೂಲೆಯಲ್ಲಿ ಶುರು ಮಾಡಿ, ನಾಲ್ಕೂ ಅಂಚು ಸುತ್ತಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಿದ್ದೇನೆ. ಇದು ಸಿದ್ದಿ ಹೆಂಗಸರ ದಾರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಇವರ ಮನೆಗಳಿವೆ. ಇವರ ಹಿರಿಯರು ಆಫ್ರಿಕಾದಿಂದ ಬಂದವರು, ಹಲವರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೌದಿಗೆ ಅವರು ಕವಂದಿ ಅನ್ನುತ್ತಾರೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ ಬರುವುದುಂಟು, ಮುಸ್ಲಿಮರದರಲ್ಲಿ ಚಂದ್ರ. ಮೊದಲೇ ಗೆರೆ ಎಳೆದು, ತುಂಡು ಜೋಡಿಸಿಟ್ಟುಕೊಂಡು ಹೊಲಿಯುವ ಪದ್ಧತಿ ಅಲ್ಲಿಲ್ಲ. ಸುತ್ತು ಬಂದ ಹಾಗೆ ತೇಪೆ ಇಡುತ್ತಾ ಹೋಗುತ್ತಾರೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅನ್ನುವುದು ಆ ಹೊತ್ತಿಗೆ ಕೈಗೇ ಗೊತ್ತಾಗುತ್ತದೆ.

ಕೊನೆಯಲ್ಲಿ ಮೂಲೆಗಳಿಗೆ ಫೂಲ ಕೂರಿಸುತ್ತಾರೆ. ತ್ರಿಕೋನವಾಗಿ ಮಡಿಸಿದ ಚಿಕ್ಕ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವುದು. ಹೊದೆಯುವುದಕ್ಕೆ ಅದು ಬೇಕೇ ಅಂದರೆ ಬೇಕಿಲ್ಲ. ಆದರೆ ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಈ ಮಾತು ಕೇಳಿದ ದಿನದಿಂದ ನನ್ನ ಕೌದಿಗಳ ಮೂಲೆ ನೋಡುವ ಕಣ್ಣೇ ಬದಲಾಗಿದೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ನಾನು ಹೊಲಿಯುತ್ತಿರುವುದನ್ನು ಸಿದ್ದಿ ಕೌದಿ ಅಂತ ಕರೆಯುವುದಿಲ್ಲ. ಸಿದ್ದಿ ಹೆಂಗಸರು ಹೊಲಿದರೆ ಮಾತ್ರ ಅದು ಸಿದ್ದಿ ಕೌದಿ. ಅವರು ಅದನ್ನು ಮಾರಿ ನಾಲ್ಕು ಕಾಸು ನೋಡುತ್ತಿರುವಾಗ, ಅದೇ ಹೆಸರಿನಲ್ಲಿ ಬೇರೆಯವರು ಕಾರ್ಖಾನೆ ಮಾಲು ಮಾರುವುದು ನನಗೆ ಸರಿ ಕಾಣುವುದಿಲ್ಲ. ಕಲಿಯುವುದು ಬೇರೆ, ಹೆಸರು ಎತ್ತಿಕೊಳ್ಳುವುದು ಬೇರೆ. ಬೇಕಾದವರು ಅವರಿಂದಲೇ ಕೊಳ್ಳಿ. ಬೆಲೆ ಕೇಳಿ ಜಾಸ್ತಿ ಅನಿಸಿದರೆ ಮೇಲಿನ 576 ಅಡಿಯ ಲೆಕ್ಕ ನೆನಪಿಸಿಕೊಳ್ಳಿ.

ಅಂಚಿನಿಂದ ಒಳಗೆ ಬರುವಾಗ ಒಂದು ಪೇಚಿದೆ. ಬಟ್ಟೆಯ ಸಡಿಲೆಲ್ಲ ನಡುವಿಗೆ ಬಂದು ಸೇರುತ್ತದೆ. ಅದಕ್ಕೆ ಶುರುವಿನಲ್ಲೇ ಪಡಸಾಲೆಯಲ್ಲಿ ಪದರ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ನೇವರಿಸಿ, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ್ದೇನೆ. ಸುತ್ತು ಹತ್ತಿರ ಬಂದ ಹಾಗೆ ಅದನ್ನು ಬಿಚ್ಚುತ್ತೇನೆ. ಉಳಿದ ಅಷ್ಟಿಷ್ಟು ಸಡಿಲನ್ನು ತೇಪೆ ನುಂಗುತ್ತದೆ. ಸುತ್ತಿನ ಹೊಲಿಗೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಅಂದರೆ ಬಟ್ಟೆಯನ್ನು ತಿರುಗಿಸುತ್ತಾ ಹೋಗಬಹುದು, ಒಂದೇ ಕಡೆ ಬಗ್ಗಿ ಬೆನ್ನು ನೋಯುವುದಿಲ್ಲ. ಇಬ್ಬರು ಮೂವರು ಬೇರೆ ಬೇರೆ ಅಂಚಿನಲ್ಲಿ ಕೂತು ಹೊಲಿಯಲೂಬಹುದು. ಅತ್ತೆ ಒಂದು ಬದಿ ಹಿಡಿದಿದ್ದಾರೆ. ಅವರ ಸಾಲು ಯಾವುದು, ನನ್ನದು ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಅವರದು ಅಳೆದಿಟ್ಟ ಹಾಗಿದೆ.

ಖಣದ ಕೆಲಸ ಇನ್ನೂ ಶುರುವಾಗಿಲ್ಲ. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಕತ್ತರಿಸಿ ಉಳಿದ ಚೂರುಗಳನ್ನು ದರ್ಜಿ ಅಂಗಡಿಯವರು ನನಗಾಗಿ ಎತ್ತಿಡುತ್ತಾರೆ. ಚಿಕ್ಕ ಚಿಕ್ಕವು, ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಹೊದೆಯುವ ಕೌದಿಗೆ ಅದು ಬೇಡ. ತ್ರಿಕೋನ ಮಾಡಿ ಒಂದು ಚೌಕ ಹೊಲಿದು ಗೋಡೆಗೆ ಹಾಕಬೇಕೆಂದಿದ್ದೇನೆ. ಬಣ್ಣ ಬಿಡುತ್ತದೋ ನೋಡಲು ಎಲ್ಲವನ್ನೂ ಬೇರೆ ಬೇರೆ ನೆನೆಸಿದ್ದಾಗಿದೆ. ಬಿಡುವಂಥವನ್ನು ತೆಗೆದಿಟ್ಟೆ.

ಮುಂದೆ ಏನು ಮಾಡಬೇಕು ಅನ್ನುವುದೂ ತಲೆಯಲ್ಲಿದೆ. ಮಹಾನವಮಿಗೆ ಮೊದಲು ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆಯುತ್ತಾರೆ. ಅಷ್ಟರೊಳಗೆ ದೊಡ್ಡ ಕೌದಿ ಮುಗಿದರೆ ಅದೂ ಆ ನೀರು ಕಾಣಲಿ ಅಂತ ಆಸೆ. ಇನ್ನು ಮೇಲೆ ಹೊಲಿಗೆಗೆಂದು ಹೊಸ ಬಟ್ಟೆ ಕೊಳ್ಳುವುದಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ, ಉಟ್ಟವರ ಮೈ ಸವೆಸಿದ ಮೆದುತನ ಅದಕ್ಕೆ ಬರುವುದಿಲ್ಲ. ಜೊತೆಗೆ ಪ್ರತಿ ಕೌದಿಯ ಹಿಂದೆ, ಒಳಗೆ ಯಾರ ಯಾರ ಬಟ್ಟೆ ಇದೆ ಅಂತ ದಾರದಲ್ಲೇ ಬರೆಯಬೇಕು. ಅವ್ವನ ಸೀರೆ, ಮಾವನ ಧೋತರ, ಅಕ್ಕನ ವಾಯಿಲ್. ಕೂಸು ದೊಡ್ಡದಾಗಿ ಕೇಳಿದಾಗ ಹೇಳಲು ಯಾರಾದರೂ ಇರುತ್ತಾರೋ ಇಲ್ಲವೋ, ಕೌದಿಯಲ್ಲಿ ಬರೆದಿದ್ದರೆ ಓದಿಕೊಳ್ಳುತ್ತದೆ.

ಮಳೆ ನಿಂತ ಮೇಲೆ ಹಳಿಯಾಳದ ಕಡೆ ಹೋಗಿ ಫೂಲ ಕೂರಿಸುವುದನ್ನು ಕಣ್ಣಾರೆ ನೋಡಬೇಕು, ಒಪ್ಪಿದರೆ ಪಕ್ಕದಲ್ಲಿ ಕೂತು ಕಲಿಯಬೇಕು. ಅಲ್ಲಿಯವರೆಗೆ ದೊಡ್ಡ ಕೌದಿಯ ಮೂಲೆಗಳನ್ನು ಹಾಗೇ ಬಿಟ್ಟಿರುತ್ತೇನೆ. ಈ ವಾರ ಬಿಳಿ ದಾರ ಮುಗಿಯುತ್ತಾ ಬಂದಿದೆ, ತರಬೇಕು. ನಡುವಿನ ಭಾಗಕ್ಕೆ ಒಂದು ಹಸಿರು ಹತ್ತಿ ತುಂಡು ಬೇಕಾಗಿದೆ, ಅತ್ತೆಯ ಟ್ರಂಕಿನಲ್ಲಿ ಇರಬಹುದು.