ಮಣ್ಣಿನ ಬ್ಲಾಕ್ ಮನೆಗೆ ಮೂವರ ಕರಾರು

ಬೆಂಗಳೂರಿನ ಸುತ್ತ ಮಣ್ಣಿನ ಬ್ಲಾಕ್ (ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆ) ಮನೆಯಲ್ಲಿ ಬಿರುಕು ಬಂದರೆ ಎಲ್ಲರೂ ಮಣ್ಣನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ಇರುವುದು ಕೆಲಸ ವಹಿಸಿದ ರೀತಿಯಲ್ಲಿ. ಗುಂಡಿ ತೋಡುವವರು, ಬ್ಲಾಕ್ ಒತ್ತುವವರು, ಗೋಡೆ ಕಟ್ಟುವ ಮೇಸ್ತ್ರಿ ಮೂವರಿಗೂ ಬೇರೆ ಬೇರೆ ಲೆಕ್ಕ, ಒಬ್ಬರ ನಷ್ಟ ಇನ್ನೊಬ್ಬರಿಗೆ ತಟ್ಟುವುದಿಲ್ಲ. ತಂತ್ರವೇನೂ ಹೊಸದಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ, ಇಂಥ ಬ್ಲಾಕಿಗಿರುವ ಭಾರತೀಯ ಮಾನದಂಡ ಐಎಸ್ 1725ರ ಪರಿಷ್ಕರಣೆಯೂ 2013ರಲ್ಲಿ ಆಗಿದೆ. ಈಗ ಆಗಬೇಕಿರುವುದು ಮೂವರೂ ಒಂದೇ ಕರಾರಿಗೆ ಸಹಿ ಹಾಕುವುದು.

ಜೆಸಿಬಿ ಬರುವ ದಿನವೇ ಬ್ಲಾಕ್ ಒತ್ತುವವರೂ ಸೈಟಿನಲ್ಲಿರಲಿ. ಬೇರು, ಕಸ ಇರುವ ಮೇಲಿನ ಒಂದಡಿ ಮಣ್ಣು ಬೇರೆ ರಾಶಿ, ಕೆಳಗಿನ ಕೆಂಪು ಮಣ್ಣು ಬೇರೆ ರಾಶಿ. ಇವೆರಡು ಬೆರೆತರೆ ಮುಂದೆ ಯಾವ ಸಿಮೆಂಟೂ ಕಾಪಾಡುವುದಿಲ್ಲ. ನಿವ್ವಳ 130 ಚದರ ಮೀಟರ್ ಗೋಡೆಗೆ 230×190×100 ಮಿ.ಮೀ. ಬ್ಲಾಕ್ ಚದರ ಮೀಟರಿಗೆ 37ರಂತೆ, ಒಡಕು ಸೇರಿಸಿ 5000 ಬೇಕು. ಒಣಗಿದ ಒಂದು ಬ್ಲಾಕ್ ಸುಮಾರು 8 ಕೆ.ಜಿ., ಒಟ್ಟು 40 ಟನ್. ಜೇಡಿ (ಅಂಟುಮಣ್ಣು) ಶೇ 30ರಷ್ಟಿರುವ ಮಣ್ಣಿಗೆ ಅಷ್ಟೇ ತೂಕದ ಕ್ವಾರಿ ಡಸ್ಟ್ (ಕಲ್ಲುಪುಡಿ) ಬೆರೆಸಿದರೆ ಜೇಡಿ ಬೇಕಾದ ಶೇ 15ಕ್ಕೆ ಇಳಿಯುತ್ತದೆ. ಅಂದರೆ ನಿಮಗೆ ಬೇಕಾದ ಮಣ್ಣು 20 ಟನ್ನಿಗಿಂತ ಕಡಿಮೆ. 10,000 ಲೀಟರ್ ಸಂಪ್ ತೋಡಿದಾಗಲೇ ಹೆಚ್ಚುಕಡಿಮೆ ಅಷ್ಟು ಮಣ್ಣು ಹೊರಬರುತ್ತದೆ! ಅದನ್ನು ಲಾರಿಗೆ ತುಂಬಿಸಿ ಕಳಿಸಿ, ಆಮೇಲೆ ದುಡ್ಡು ಕೊಟ್ಟು ಬೇರೆ ಮಣ್ಣು ತರಿಸುವುದು ನೋಡಲಾಗದ ದಂಡ. ಧಾರವಾಡ, ವಿಜಯಪುರದ ಎರೆ ಮಣ್ಣಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ನೀರು ಕುಡಿದು ಉಬ್ಬುತ್ತದೆ, ಬರೀ ಸಿಮೆಂಟಿಗೆ ಬಗ್ಗುವುದಿಲ್ಲ.

ಒತ್ತುವವರಿಗೆ ಬ್ಲಾಕಿಗಿಷ್ಟು ಕೂಲಿ ಎಂದು ಮಾತ್ರ ಬರೆದುಕೊಟ್ಟರೆ ಅಚ್ಚಿಗೆ ಹಾಕುವ ಮಣ್ಣು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಬ್ಲಾಕ್ ನೋಡಲು ಹಾಗೇ ಇರುತ್ತದೆ, ಒಳಗೆ ಸಡಿಲ. ಆದ್ದರಿಂದ ಪ್ರತಿ ಅಚ್ಚಿಗೂ ಮಣ್ಣು ತೂಗಿಯೇ ಹಾಕಬೇಕು, ಆಗಷ್ಟೇ ಒತ್ತಿದ ಹಸಿ ಬ್ಲಾಕ್ 9 ಕೆ.ಜಿ. ಹತ್ತಿರ ತೂಗಬೇಕು ಎಂದು ಕರಾರಿನಲ್ಲಿರಲಿ. ಸಿಮೆಂಟ್ ತೂಕದಲ್ಲಿ ಶೇ 7, ಒಂದು ಮೂಟೆಗೆ 90 ಬ್ಲಾಕ್. 5000ಕ್ಕೆ 56 ಮೂಟೆ, ಖಾಲಿ ಚೀಲ ಸೈಟಿನಲ್ಲೇ ಉಳಿಯಲಿ, ಕೊನೆಗೆ ಎಣಿಸಿ. ನೀರು ಬಿದ್ದ ಮಿಶ್ರಣ ಅರ್ಧ ಗಂಟೆಯೊಳಗೆ ಅಚ್ಚಿಗೆ ಹೋಗಬೇಕು, ಹಾಗಾಗಿ ಒಂದು ಸಲಕ್ಕೆ ಕಾಲು ಮೂಟೆಗಿಂತ ಹೆಚ್ಚು ಕಲಸಬಾರದು. ಊಟಕ್ಕೆ ಮುಂಚೆ ಕಲಸಿಟ್ಟು ಊಟವಾದ ಮೇಲೆ ಒತ್ತಿದ ಬ್ಲಾಕುಗಳೇ ಮೊದಲು ಉದುರುವುದು.

ಹಣ ಎರಡು ಕಂತಿನಲ್ಲಿರಲಿ. ಒತ್ತಿದಾಗ ಶೇ 60. ಉಳಿದದ್ದು 28 ದಿನ ನೀರುಣಿಸಿ, ಆರು ಬ್ಲಾಕುಗಳನ್ನು 48 ಗಂಟೆ ನೀರಲ್ಲಿ ನೆನೆಸಿ ಲ್ಯಾಬಿನಲ್ಲಿ ಒಡೆಸಿದ ಮೇಲೆ. ಎರಡು ಮಹಡಿಗೆ ಚದರ ಮಿ.ಮೀ.ಗೆ 3.5 ನ್ಯೂಟನ್ ಹಸಿ ಬಲ (ನೆನೆದ ಬ್ಲಾಕ್ ತಾಳುವ ಒತ್ತಡ) ಕೇಳಿ. ಒಣ ಬ್ಲಾಕಿನ ವರದಿ ತೋರಿಸಿದರೆ ಒಪ್ಪಬೇಡಿ, ಅದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಮೇಸ್ತ್ರಿಯ ವಿಷಯ ಇನ್ನೂ ಸೂಕ್ಷ್ಮ. ಗಿಲಾವು ಬೇಡವೆಂದರೆ ಅವರ ಕೈಗೆ ಬರಬೇಕಿದ್ದ ಗಿಲಾವಿನ ಕೂಲಿ ತಪ್ಪುತ್ತದೆ, ಸಂದಿ ನೀಟಾಗಿ ತುಂಬುವ ನಿಧಾನದ ಕೆಲಸ ಮಾತ್ರ ಹೆಚ್ಚುತ್ತದೆ. ಸುಮ್ಮನೆ ಹಳೆಯ ದರವನ್ನೇ ಕೊಟ್ಟರೆ ಗೋಡೆ ಅಂದಗೆಡುತ್ತದೆ, ಕೊನೆಗೆ ‘ಗಿಲಾವು ಮಾಡಿಬಿಡೋಣ ಸಾರ್’ ಎಂಬ ಮಾತು ಬರುತ್ತದೆ. ಗಿಲಾವು ಬಿಟ್ಟದ್ದರಿಂದ ಉಳಿತಾಯವಾದ ಹಣದಲ್ಲಿ ಒಂದು ಪಾಲು ಮೇಸ್ತ್ರಿಗೆ ಸೇರುವುದು ನ್ಯಾಯ. ಗಾರೆ ಸಿಮೆಂಟ್, ಮಣ್ಣು, ಮರಳು 1:2:6. ಅಭ್ಯಾಸಬಲದಿಂದ ಸಿಮೆಂಟ್ ಹೆಚ್ಚು ಹಾಕಿದರೆ ಗಾರೆ ಬ್ಲಾಕಿಗಿಂತ ಗಟ್ಟಿಯಾಗಿ, ಬಿರುಕು ಸಂದಿಯಲ್ಲಿ ನಿಲ್ಲದೆ ಬ್ಲಾಕನ್ನೇ ಸೀಳುತ್ತದೆ.

ಕೈಯಂತ್ರದಲ್ಲಿ ಆರು ಜನ ದಿನಕ್ಕೆ 400ರಿಂದ 500 ಒತ್ತುತ್ತಾರೆ, ಒಂದು ಮನೆಗೆ 12 ದಿನ ಸಾಕು. ಅಕ್ಕಪಕ್ಕದ ಮೂರು ಸೈಟಿನವರು ಸೇರಿ ಯಂತ್ರವನ್ನೂ ತಂಡವನ್ನೂ ಒಟ್ಟಿಗೆ ಗೊತ್ತುಮಾಡಿದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ, ತಂಡಕ್ಕೂ ಒಂದೂವರೆ ತಿಂಗಳ ಖಾತ್ರಿ ಕೆಲಸ. ಜನವರಿಯಲ್ಲೇ ಶುರುಮಾಡಿ, ಏಪ್ರಿಲ್ ಮಳೆ ಬಿದ್ದರೆ ಒದ್ದೆ ಮಣ್ಣು ಜರಡಿಯಲ್ಲಿ ಇಳಿಯುವುದಿಲ್ಲ.