ಎಂಜಿಎಗೆ ಇಸುಜು ಎಂಜಿನ್ ಬೇಕೆ?

ದಾವಣಗೆರೆ, 11 ಮೇ 2024, ಶನಿವಾರ

ಎಂಜಿನ್ ಪೂರ್ತಿ ಬಿಚ್ಚಿದ್ದಾಯಿತೆಂದು ಮೇಸ್ತ್ರಿ ಫೋನ್ ಮಾಡಿದ್ದರಿಂದ ತಿಂಡಿ ಮುಗಿಸಿ ಗ್ಯಾರೇಜಿಗೆ ಹೋದೆ. ಚಿಕ್ಕಪ್ಪ ಬಿಟ್ಟುಹೋದ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು, 1957ರ ಎಂಜಿಎ, ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ 1489 ಸಿಸಿ ಎಂಜಿನ್ನಿನ ಭಾಗಗಳೆಲ್ಲ ಗೋಣಿತಾಟಿನ ಮೇಲೆ ಹರಡಿದ್ದವು. ಹಿಂದೊಮ್ಮೆ ಇಂಚಿನ ಸಾವಿರದ 20 ಭಾಗದಷ್ಟು ಅಗಲಿಸಲು, ಅಂದರೆ 20 ಓವರ್‌ಸೈಜಿಗೆ ಬೋರ್ ಮಾಡಿಸಿದ್ದ ಸಿಲಿಂಡರುಗಳು ಮೇಲ್ತುದಿಯಲ್ಲಿ ಮತ್ತೆ ಸವೆದಿವೆ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಮೇಲೆ ಉಗುರಿಗೆ ತಾಗುವಷ್ಟು ಗೀರುಗಳಿವೆ.

“ಸುಮ್ನೆ ಅಂಬಾಸಿಡರ್‌ದು ಇಸುಜು ಕೂಡ್ಸಿಬಿಡ್ರಿ ಸರ್. ಐದು ಗೇರು ಬರ್ತಾವೆ, ಕಿರಿಕಿರಿ ಇರಂಗಿಲ್ಲ,” ಎಂದರು ಮೇಸ್ತ್ರಿ. ಈಚಿನ ಅಂಬಾಸಿಡರುಗಳಿಗೆ ಹಾಕುತ್ತಿದ್ದ ಈ ಜಪಾನಿ ವಿನ್ಯಾಸದ ಎಂಜಿನ್ ಗುಜರಿಯವನೊಬ್ಬನ ಬಳಿ ಗೇರ್‌ಬಾಕ್ಸ್ ಸಮೇತ ಒಂದು ಇರುವುದರಿಂದ ಹೋದ ವಾರವೇ ನಾನು ಎರಡು ಸಾವಿರ ಮುಂಗಡ ಕೊಟ್ಟಿದ್ದೆ. ನಾಲ್ಕೇ ಗೇರಿನ ಈ ಕಾರಿನಲ್ಲಿ ಚಿತ್ರದುರ್ಗದವರೆಗೆ ಹೆದ್ದಾರಿಯಲ್ಲಿ ಹೋಗಿಬಂದವರಿಗೆ ಐದನೆಯ ಗೇರಿನ ಆಸೆ ಏನೆಂದು ಗೊತ್ತು.

ಆದರೆ ಲೆಕ್ಕ ಹಾಕಿದರೆ ಆಸೆ ತಗ್ಗುತ್ತದೆ. ಎಂಜಿಎ ಎಂಜಿನ್ ಸುಸ್ಥಿತಿಯಲ್ಲಿದ್ದಾಗ 72 ಅಶ್ವಶಕ್ತಿ ಕೊಡುತ್ತಿತ್ತು. ಅಂಬಾಸಿಡರಿನಲ್ಲಿದ್ದ 1817 ಸಿಸಿ ಇಸುಜು ಕೊಡುವುದು ಸುಮಾರು 75. ಮೂರು ಅಶ್ವಶಕ್ತಿಗಾಗಿ ಎಂಜಿನ್ ಮೌಂಟುಗಳನ್ನು ಹೊಸದಾಗಿ ಬೆಸೆಯಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಮಾಡಿಸಬೇಕು, ಗೇರ್‌ಬಾಕ್ಸ್ ಕೂರಿಸಲು ಚಾಸಿಸಿನ ಅಡ್ಡಪಟ್ಟಿಯನ್ನೇ ಕತ್ತರಿಸಬೇಕಾದೀತು. ಒಮ್ಮೆ ಕತ್ತರಿಸಿದ ಚಾಸಿಸ್ ಮೊದಲಿನಂತಾಗುವುದಿಲ್ಲ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ಇರುವ ಕಾರನ್ನು ಇನ್ನೂ ವೇಗವಾಗಿ ಓಡಿಸಿ ಸಾಧಿಸುವುದಾದರೂ ಏನು?

ಕಾಗದಪತ್ರಗಳ ವಿಚಾರವೂ ಇದೆ. ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು ಎಂಜಿನ್, ಚಾಸಿಸ್ ಮೂಲರೂಪದಲ್ಲಿರಬೇಕು. ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲವಾದ್ದರಿಂದ ನನಗೆ ಸದ್ಯಕ್ಕೆ ಅದು ಬೇಡ. ಆದರೂ ಆ ಬಾಗಿಲನ್ನು ನನ್ನ ಕೈಯಾರೆ ಮುಚ್ಚುವ ಮನಸ್ಸಿಲ್ಲ.

ಇಷ್ಟಕ್ಕೂ ಎಂಜಿಎಯ ಈ ಎಂಜಿನ್ ನಮ್ಮೂರಿಗೆ ಹೊಸದಲ್ಲ. ಹಳೆಯ ಪೆಟ್ರೋಲ್ ಅಂಬಾಸಿಡರುಗಳಲ್ಲಿದ್ದದ್ದೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಇದೇ ಬಿ-ಸೀರೀಸ್, ಅದೇ 1489 ಸಿಸಿ, ಕ್ರ್ಯಾಂಕನ್ನು ಹಿಡಿದಿಡುವ ಅದೇ ಮೂರು ಮೇನ್ ಬೇರಿಂಗ್. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರುಗಳಿವೆ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ಆ ಮಿಶ್ರಣವನ್ನು ಸಿಲಿಂಡರಿನಲ್ಲಿ ಒತ್ತುವ ಪ್ರಮಾಣ, ಅಂದರೆ ಕಂಪ್ರೆಷನ್, ಹೆಚ್ಚು. ಹಾಗಾಗಿ ಬೋರಿನ ಅಳತೆ ಒಂದೇ ಆದರೂ ಪಿಸ್ಟನ್ನನ್ನು ನೋಡಿಯೇ ಕೊಳ್ಳಬೇಕು. ಉಳಿದಂತೆ, ಟ್ಯಾಕ್ಸಿ ಕಾಲದಿಂದಲೂ ಇದರ ಕೆಲಸ ಬಲ್ಲ ಕೈಗಳು ಇಲ್ಲಿವೆ. ಕ್ರ್ಯಾಂಕಿನ ಹಿಂತುದಿಯಲ್ಲಿ ಆಯಿಲ್ ಸೀಲೇ ಇಲ್ಲದ ಎಂಜಿನ್ ಇದು. ರಿಪೇರಿಯಾದ ಮೇಲೂ ನೆಲಕ್ಕೆ ಎಣ್ಣೆ ತೊಟ್ಟಿಕ್ಕುವುದನ್ನು ಮನೆಯವಳಿಗೆ ಈಗಲೇ ಹೇಳಿಡಬೇಕು.

ಬ್ಲಾಕನ್ನು 40 ಓವರ್‌ಸೈಜಿಗೆ ಬೋರ್ ಮಾಡಿಸಲು ಹೇಳಿದೆ. ಸೋಮವಾರ ಕ್ರ್ಯಾಂಕ್ ಹರಿಹರಕ್ಕೆ ಹೋಗುತ್ತದೆ. ಅಲ್ಲಿ ಬಿರುಕೇನಾದರೂ ಕಂಡರೆ ಹಳೆಯ ಅಂಬಾಸಿಡರಿನ ಕ್ರ್ಯಾಂಕೊಂದನ್ನು ತಂದು ಹೋಲಿಸಿ ನೋಡುವುದು. ಮೇಸ್ತ್ರಿಯ ಮುಖ ಸ್ವಲ್ಪ ಸಪ್ಪಗಾಯಿತು. ಗುಜರಿಯವನು ಮುಂಗಡ ಹಿಂತಿರುಗಿಸುವನೆಂಬ ನಂಬಿಕೆ ನನಗಿಲ್ಲ.