ಗೌರಿ, ರಾಜ ಮತ್ತು ಎರಡು ರೂಪಾಯಿ ಟಿಕೆಟ್

ನಮ್ಮೂರಲ್ಲಿ ಒಂದು ಝೂ ಇತ್ತು ಅಂದರೆ ನನ್ನ ಹೆಂಡತಿ ಇವತ್ತಿಗೂ ಪೂರ್ತಿ ನಂಬುವುದಿಲ್ಲ. ಅವಳು ಮಂಡ್ಯ ಕಡೆಯವಳು. ಮದುವೆಯಾದ ಹೊಸದರಲ್ಲಿ ಆ ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಆದರೆ ಅಲ್ಲಿ ತೋರಿಸೋಕೆ ಏನಿತ್ತು? ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ ಗಿಡ, ಕೊಡಗಿನಲ್ಲಿ ಎಲ್ಲಿ ನಿಂತರೂ ಕಾಣೋದು ಇದೇ ಅಲ್ವಾ. "ಇಲ್ಲಿ ಕಡವೆ ದೊಡ್ಡಿ, ಅಲ್ಲಿ ಮುಳ್ಳುಹಂದಿ" ಅಂತ ನಾನು ಕೈ ತೋರಿಸುತ್ತಾ ಇದ್ದರೆ ಅವಳು ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ "ಹೂಂ, ಹೂಂ" ಅಂದಳು.

ಝೂ ಅನ್ನೋದು ಸ್ವಲ್ಪ ದೊಡ್ಡ ಮಾತಾಯಿತು, ಒಪ್ಪುತ್ತೇನೆ. ನಾವು ಪ್ರಾಣಿ ಪಾರ್ಕು ಅನ್ನುತ್ತಿದ್ದೆವು. ಅಪ್ಪ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಆ ಎಸ್ಟೇಟಿನ ಹಳೇ ಮಾಲೀಕರಿಗೆ ಪ್ರಾಣಿ ಅಂದರೆ ಹುಚ್ಚು. ನಾಯಿಗಳು ಅಟ್ಟಿಸಿಕೊಂಡು ಬಂದು ತೋಟಕ್ಕೆ ಬಿದ್ದ ಕಡವೆ ಮರಿಯನ್ನ ಯಾರೋ ತಂದುಕೊಟ್ಟರಂತೆ, ಅದನ್ನ ಬಾಟಲಿ ಹಾಲು ಹಾಕಿ ಸಾಕಿದರಂತೆ, ಆಮೇಲೆ ಊರಲ್ಲಿ ಯಾರಿಗೆ ಏನು ಸಿಕ್ಕಿದರೂ ಅವರ ಮನೆಗೇ ತಂದು ಬಿಡೋಕೆ ಶುರು ಮಾಡಿದರಂತೆ. ಆಗ ಯಾರೂ ಕೇಳುತ್ತಲೂ ಇರಲಿಲ್ಲ. ನಾನು ನೋಡುವ ಹೊತ್ತಿಗೆ ಕಾಫಿ ಕಣದ ಹಿಂದೆ ಎರಡು ಎಕರೆಗೆ ಬೇಲಿ ಹಾಕಿ, ಭಾನುವಾರ ಜನರನ್ನ ಬಿಡುತ್ತಿದ್ದರು. ಟಿಕೆಟ್ ಎರಡು ರೂಪಾಯಿ. ರೈಟರ್ ಮಗ ಅಂತ ನನಗೆ ಫ್ರೀ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ನಮ್ಮ ಸಂಬಂಧಿಕರು ಫೋನ್ ಮಾಡುತ್ತಾರೆ.

ಜಿಂಕೆಗಳಿದ್ದವು, ನವಿಲಿತ್ತು, ಮೊಲ ಲೆಕ್ಕವಿಲ್ಲದಷ್ಟು. ಸಿಮೆಂಟ್ ತೊಟ್ಟಿಯಲ್ಲಿ ಒಂದು ಹೆಬ್ಬಾವು, ಅದು ಸತ್ತಿದೆಯೋ ಬದುಕಿದೆಯೋ ಅಂತ ಜನ ಬೆಟ್ ಕಟ್ಟುತ್ತಿದ್ದರು. ಮುಳ್ಳುಹಂದಿ ನೋಡೋಕೆ ಬಂದವರಿಗೆ ಮಣ್ಣಿನಲ್ಲಿ ಒಂದು ಬಿಲ ಮಾತ್ರ ಕಾಣುತ್ತಿತ್ತು. ದುಡ್ಡು ವಾಪಸ್ ಕೊಡಿ ಅಂತ ಜಗಳ ಆಡಿದವರೂ ಇದ್ದರು. ಮುಳ್ಳುಹಂದಿ ಹಗಲು ಹೊರಗೆ ಬರಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು. ನಾನು ದೀಪ ಹಚ್ಚುವ ಹೊತ್ತಿಗೆ ಹೋಗಿ ನೋಡುತ್ತಿದ್ದೆ. ಮೈ ಕೊಡವಿದರೆ ಮುಳ್ಳೆಲ್ಲ ಗರಗರ ಅನ್ನುತ್ತಿತ್ತು. ಬಾಣದ ಹಾಗೆ ಮುಳ್ಳು ಬಿಡುತ್ತದೆ ಅನ್ನೋದೆಲ್ಲ ಸುಳ್ಳು, ಸಿಟ್ಟು ಬಂದರೆ ಹಿಂದಕ್ಕೆ ತಿರುಗಿ ಗುದ್ದೋಕೆ ಬರುತ್ತದೆ, ಆಗ ಚುಚ್ಚಿದ್ದು ಎದುರಿನವರ ಕಾಲಲ್ಲಿ ಉಳಿಯುತ್ತದೆ, ಅಷ್ಟೇ.

ಇದೆಲ್ಲ ನನಗೆ ಹೇಳಿಕೊಟ್ಟಿದ್ದು ತಾತ. ನನ್ನ ಸ್ವಂತ ತಾತ ಅಲ್ಲ. ಪ್ರಾಣಿಗಳನ್ನ ನೋಡಿಕೊಳ್ಳೋಕೆ ಹಾಡಿಯಿಂದ ಬರುತ್ತಿದ್ದ ಜೇನುಕುರುಬರ ಹಿರಿಯರು, ನಾವು ಮಕ್ಕಳೆಲ್ಲ ತಾತ ಅಂತಲೇ ಕರೆಯುತ್ತಿದ್ದೆವು. ಮಳೆಗಾಲ ಬಂತು ಅಂದರೆ ಗೋಣಿ ಕೊಪ್ಪೆ ಹಾಕಿಕೊಂಡು, ಬಾಯಲ್ಲಿ ಎಲೆ ಅಡಿಕೆ, ತಲೆ ಮೇಲೆ ಹಲಸಿನ ಸೊಪ್ಪಿನ ಹೊರೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುತ್ತಿರಲಿಲ್ಲ, ಪಾರ್ಕಿಗೆ ನರಪಿಳ್ಳೆ ಬರುತ್ತಿರಲಿಲ್ಲ. ನನಗೆ ಅದೇ ಇಷ್ಟದ ಕಾಲ. ತಾತ ಮಾತಾಡುತ್ತಿದ್ದದ್ದು ಆಗ ಮಾತ್ರ.

ಕಡವೆ ಎರಡಿದ್ದವು. ಹೆಣ್ಣು ಗೌರಿ, ಗಂಡು ರಾಜ. ಗೌರಿಗೆ ಕಲ್ಲುಪ್ಪು ಅಂದರೆ ಪ್ರಾಣ. ತಾತ ನನ್ನ ಅಂಗೈಯಲ್ಲಿ ನಾಲ್ಕು ಹರಳು ಉಪ್ಪು ಹಾಕಿ "ಕೈ ಅಲ್ಲಾಡಿಸಬೇಡ ಮಗ, ಉಸಿರು ನಿಧಾನ" ಅನ್ನುತ್ತಿದ್ದರು. ಅದು ಮೊದಲು ಮೂಗು ತಂದು ಇಡುತ್ತಿತ್ತು, ಒದ್ದೆ, ತಣ್ಣಗೆ. ಆಮೇಲೆ ನಾಲಿಗೆ. ಒರಟು ಅಂದರೆ ಒರಟು, ಅಮ್ಮ ಪಾತ್ರೆ ತಿಕ್ಕುವ ತೆಂಗಿನ ನಾರಿನ ಹಾಗೆ. ಉಪ್ಪು ಮುಗಿದ ಮೇಲೂ ಬೆವರಿನ ಉಪ್ಪಿಗೆ ಬೆರಳು ಸಂದಿ ಎಲ್ಲ ನೆಕ್ಕುತ್ತಿತ್ತು. ನನಗೆ ನಗು ಬರುತ್ತಿತ್ತು, ನಕ್ಕರೆ ಓಡುತ್ತದೆ, ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದೆ. ಊರಿಗೆ ಬಂದ ನೆಂಟರ ಮಕ್ಕಳು ಯಾರೇ ಕೈ ಚಾಚಿದರೂ ಅದು ಬರುತ್ತಿರಲಿಲ್ಲ. ನನ್ನ ಕೈಗೆ ಬರುತ್ತಿತ್ತು. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಡೌಲು ಯಾವುದಿದೆ ಹೇಳಿ.

ರಾಜನ ದೊಡ್ಡಿಗೆ ಮಾತ್ರ ನನ್ನನ್ನ ಬಿಡುತ್ತಿರಲಿಲ್ಲ. ತಾತ ಕೂಡ ಒಳಗೆ ಹೋಗುವಾಗ ಒಂದು ಹಲಗೆ ಅಡ್ಡ ಹಿಡಿದುಕೊಂಡೇ ಹೋಗುತ್ತಿದ್ದರು. ಮರಿಯಿಂದ ಸಾಕಿದ್ದಲ್ವಾ, ಯಾಕೆ ಹೆದರಿಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇವತ್ತಿಗೂ ನೆನಪಿದೆ. ಮರಿಯಿಂದ ಸಾಕಿದ್ದಕ್ಕೇ ಹೆದರಬೇಕು. ಕಾಡಿನ ಗಂಡು ಕಡವೆ ಮನುಷ್ಯರನ್ನ ಕಂಡರೆ ಓಡುತ್ತದೆ. ಬಾಟಲಿ ಹಾಲು ಕುಡಿದು ಬೆಳೆದದ್ದು ಓಡುವುದಿಲ್ಲ, ಬೆದೆ ಬಂದಾಗ ನಮ್ಮನ್ನೇ ಇನ್ನೊಂದು ಗಂಡು ಕಡವೆ ಅಂದುಕೊಂಡು ಕೊಂಬು ತಗ್ಗಿಸಿ ಬರುತ್ತದೆ. ಆಮೇಲೆ ದೊಡ್ಡವನಾಗಿ ಓದಿ ನೋಡಿದರೆ ತಾತ ಹೇಳಿದ್ದು ಅಕ್ಷರಶಃ ನಿಜ.

ರಾಜನ ಕೊಂಬು ಉದುರಿದಾಗ ತಾತ ಒಂದನ್ನ ನನಗೆ ಕೊಟ್ಟರು. ಉದುರಿದ ಜಾಗದಲ್ಲಿ ಮತ್ತೆ ಹೊಸ ಕೊಂಬು ಚಿಗುರುತ್ತಿತ್ತು, ಮೇಲೆಲ್ಲ ಮಖಮಲ್ಲಿನಂಥ ಚರ್ಮ, ಅದು ಒಣಗಿದ ಮೇಲೆ ಮರಕ್ಕೆ ಉಜ್ಜಿ ಉಜ್ಜಿ ಕಿತ್ತು ಹಾಕುತ್ತಿತ್ತು. ನನಗೆ ಸಿಕ್ಕಿದ ಕೊಂಬು ನಮ್ಮ ಜಗಲಿಯ ಗೋಡೆ ಸೇರಿತು. ಮೂವತ್ತು ವರ್ಷ ಅದರ ಮೇಲೆ ಕೊಡೆ ನೇತು ಹಾಕಿದ್ದೇವೆ.

ಈಗ ಹೇಳಲೇಬೇಕಾದ ಮಾತು. ಆ ಪಾರ್ಕಿನಲ್ಲಿ ಒಂದು ಕೆಂದಳಿಲು ಇತ್ತು. ಕೆಂಪು-ಕಂದು ಮೈ, ಮೈಗಿಂತ ಉದ್ದ ಬಾಲ, ಬಹಳ ಚೆಂದದ ಪ್ರಾಣಿ. ಕೋಳಿ ಗೂಡಿನ ಬಲೆ ಸುತ್ತಿದ ಒಂದು ಪಂಜರದಲ್ಲಿ ಇಟ್ಟಿದ್ದರು. ಅದು ಬಲಗಡೆ ಬಲೆ ಹತ್ತಿ, ಮೇಲೆ ಒಂದು ಪಲ್ಟಿ ಹೊಡೆದು, ಎಡಗಡೆ ಇಳಿದು, ಮತ್ತೆ ಬಲಗಡೆ. ಬೆಳಗಿನಿಂದ ಸಂಜೆ ತನಕ ಅದೇ ದಾರಿ, ಅದೇ ಪಲ್ಟಿ. ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿದ್ದೇನೆ. ಆಟ ಆಡುತ್ತಿದೆ ಅಂದುಕೊಂಡಿದ್ದೆ. ಕೂಡಿ ಹಾಕಿದ ಪ್ರಾಣಿಗೆ ತಲೆ ಕೆಟ್ಟಾಗ ಹೀಗೆ ಮಾಡುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಮರದಿಂದ ಮರಕ್ಕೆ 20 ಅಡಿ ಹಾರುವ, ನೆಲಕ್ಕೆ ಇಳಿಯೋದೇ ಅಪರೂಪ ಆಗಿರುವ ಪ್ರಾಣಿ ಅದು. ತಾತ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ. ಹಣ್ಣು ಇಟ್ಟು ಬೇಗ ಹೋಗಿಬಿಡುತ್ತಿದ್ದರು.

ಹಾಗಾಗಿ ಪಾರ್ಕು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಹಳೇದನ್ನ ನೆನೆಸಿಕೊಂಡು "ಆ ಕಾಲ ಎಷ್ಟು ಚೆನ್ನಾಗಿತ್ತು" ಅನ್ನುವವರ ಜೊತೆ ಈ ವಿಷಯದಲ್ಲಿ ನನಗೆ ಸೇರಿಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂತು, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು, ಅದರ ಮಾನ್ಯತೆ ಇಲ್ಲದೆ ಯಾರೂ ಝೂ ನಡೆಸುವ ಹಾಗಿಲ್ಲ ಅಂತಾಯಿತು. ಇಷ್ಟು ಜಾಗ ಬೇಕು, ಪಶು ವೈದ್ಯರು ಬೇಕು, ಲೆಕ್ಕ ಇಡಬೇಕು. ಕೋಳಿ ಬಲೆಯ ಪಂಜರ ಇಟ್ಟುಕೊಂಡವರು ಎಲ್ಲಿಂದ ಇದೆಲ್ಲ ಮಾಡುತ್ತಾರೆ? ಸ್ವಲ್ಪ ವರ್ಷ ಹೇಗೋ ತಳ್ಳಿದರು. ಹಳೇ ಮಾಲೀಕರು ಹೋದ ಮೇಲೆ ಮಕ್ಕಳಿಗೆ ಆಸಕ್ತಿ ಇರಲಿಲ್ಲ. ಒಂದು ದಿನ ಲಾರಿ ಬಂತು.

ಲಾರಿ ಬರುವ ಒಂದು ವಾರ ಮೊದಲೇ ಜಿಂಕೆ ದೊಡ್ಡಿಯಿಂದ ರಸ್ತೆ ತನಕ ಎರಡೂ ಕಡೆ ಗೋಣಿ ಪರದೆ ಕಟ್ಟಿ ಓಣಿ ಮಾಡಿದ್ದರು. ಹಿಡಿಯೋಕೆ ಹೋದರೆ ಜಿಂಕೆ ಹೆದರಿಯೇ ಸಾಯುತ್ತದೆ, ಓಡಿ ಓಡಿ ಮಾಂಸಖಂಡ ಕೆಟ್ಟು ಎರಡು ದಿನ ಬಿಟ್ಟು ಬೀಳುವುದೂ ಇದೆ. ಅದಕ್ಕೇ ಓಣಿಯೊಳಗೆ ಸೊಪ್ಪು ಹಾಕಿ ಹಾಕಿ ಅಭ್ಯಾಸ ಮಾಡಿಸಿದ್ದರು. ನಸುಕಿನಲ್ಲಿ, ಚಳಿ ಇರುವಾಗಲೇ, ಸದ್ದಿಲ್ಲದೆ ಕೆಲಸ ಆಯಿತು. ನಾನು ಅಪ್ಪನ ಶಾಲು ಹೊದ್ದು ಕಣದ ಕಟ್ಟೆ ಮೇಲೆ ಕೂತಿದ್ದೆ. ಮಾತಾಡಿದರೆ ಮನೆಗೆ ಕಳಿಸುತ್ತೇನೆ ಅಂತ ಅಪ್ಪ ಹೇಳಿದ್ದರು.

ಗೌರಿ ಓಣಿಯೊಳಗೆ ಬರಲಿಲ್ಲ. ದೊಡ್ಡಿಯ ಮೂಲೆಯಲ್ಲಿ ಕಾಲು ನೆಲಕ್ಕೆ ಬಡಿಯುತ್ತಾ ನಿಂತಿತ್ತು. ಯಾರೋ ಹಗ್ಗ ತೆಗೆದರು. ತಾತ ಬೇಡ ಅಂತ ಕೈ ಮಾಡಿ, ಸೊಂಟದ ಚೀಲದಿಂದ ಉಪ್ಪು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಅದರ ಕಡೆಗೆ ಬೆನ್ನು ಹಾಕಿ ನಿಂತರು. ಅದು ಬಂತು. ಅವರು ಒಂದು ಹೆಜ್ಜೆ ಮುಂದೆ, ಅದು ಒಂದು ಹೆಜ್ಜೆ ಮುಂದೆ. ಓಣಿ ಪೂರ್ತಿ ಹೀಗೇ. ಲಾರಿಗೆ ಹಾಕಿದ್ದ ಹಲಗೆ ಹತ್ತಿ ಅವರ ಹಿಂದೆಯೇ ಒಳಗೆ ಹೋಯಿತು. ಬಾಗಿಲು ಹಾಕಿದರು. ತಾತ ಪಕ್ಕದ ಸಂದಿಯಿಂದ ನುಸುಳಿ ಕೆಳಗೆ ಇಳಿದರು.

ಆ ದಿನ ನನಗೆ ತಾತನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮೋಸ ಮಾಡಿದರು ಅಂತ ಅಮ್ಮನ ಹತ್ತಿರ ಅತ್ತೆ. ಆಮೇಲೆ ಅವರು ಸಿಕ್ಕಾಗಲೂ ಎಷ್ಟೋ ದಿನ ಮಾತಾಡಲಿಲ್ಲ. ಹಗ್ಗ ಹಾಕಿದ್ದರೆ ಗೌರಿ ಅಲ್ಲೇ ಸಾಯುತ್ತಿತ್ತು ಅಂತ ಅವರು ಅಪ್ಪನಿಗೆ ಹೇಳಿದ್ದರಂತೆ. ಅಪ್ಪ ಅದನ್ನ ನನಗೆ ಹೇಳಿದ್ದು ನಾನು ಕಾಲೇಜಿಗೆ ಹೋಗುವಾಗ, ಅಷ್ಟರಲ್ಲಿ ತಾತ ತೀರಿಕೊಂಡಿದ್ದರು. ಅವರ ಮೊಮ್ಮಗ ಈಗ ಒಂದು ಆನೆ ಶಿಬಿರದಲ್ಲಿ ಕಾವಾಡಿ, ಅಂದರೆ ಮಾವುತನ ಸಹಾಯಕ.

ಪ್ರಾಣಿಗಳೆಲ್ಲ ಮೈಸೂರಿಗೆ ಹೋದವು ಅಂತ ಹೇಳಿದ್ದರು. ಮುಂದಿನ ವರ್ಷ ಸ್ಕೂಲ್ ಟ್ರಿಪ್ಪು ಮೈಸೂರು ಝೂಗೆ. 1892ರಲ್ಲಿ ಶುರುವಾದ ಝೂ, ಮಹಾರಾಜರ ಕಾಲದ್ದು, ಹುಲಿ, ಜಿರಾಫೆ, ನೀರಾನೆ, ಎಲ್ಲರೂ ಅದರ ಕಡೆ ಓಡಿದರೆ ನಾನು ಕಡವೆ ಎಲ್ಲಿ ಅಂತ ಹುಡುಕುತ್ತಿದ್ದೆ. ಚಡ್ಡಿ ಜೇಬಿನಲ್ಲಿ ಕಲ್ಲುಪ್ಪು. ಕಡವೆಗಳು ದೂರದಲ್ಲಿ ಮರದ ನೆರಳಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಎಲ್ಲಾ ಒಂದೇ ಥರ ಕಾಣುತ್ತಿದ್ದವು. ಗೌರೀ ಅಂತ ಕೂಗಿದೆ. ಎಲ್ಲವೂ ಕಿವಿ ತಿರುಗಿಸಿದವು, ಯಾವುದೂ ಏಳಲಿಲ್ಲ. ಇನ್ನೊಂದು ಸಲ ಜೋರಾಗಿ ಕೂಗಿದ್ದಕ್ಕೆ ಮೇಷ್ಟ್ರು ಕಿವಿ ಹಿಂಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಉಪ್ಪು ನೀರಾಗಿ ತೊಡೆಗೆ ಅಂಟಿತ್ತು. ಅಮ್ಮ ಮಾರನೇ ದಿನ ಚಡ್ಡಿ ಒಗೆಯುತ್ತಾ ಏನೋ ಇದು ಅಂದರು, ನಾನು ಏನೂ ಇಲ್ಲ ಅಂದೆ.

ಈಗ ನಮ್ಮ ಕಡೆ ಪ್ರಾಣಿ ನೋಡಬೇಕು ಅಂದರೆ ಟೂರಿಸ್ಟರು ದುಬಾರೆ ಆನೆ ಶಿಬಿರಕ್ಕೆ ಹೋಗುತ್ತಾರೆ, ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮಕ್ಕೆ ಹೋಗುತ್ತಾರೆ. ಮಗನನ್ನ ನಾನೂ ಕರೆದುಕೊಂಡು ಹೋಗಿದ್ದೆ. ತೂಗುಸೇತುವೆ ಮೇಲೆ ಕುಣಿದಷ್ಟು ಖುಷಿ ಅವನಿಗೆ ಜಿಂಕೆ ನೋಡಿ ಆಗಲಿಲ್ಲ, ಇರಲಿ. ಮಡಿಕೇರಿ ಕೋಟೆಯ ಒಳಗಿನ ಎರಡು ಗಾರೆ ಆನೆಗಳು ಮಾತ್ರ ಅವನಿಗೆ ಬಹಳ ಹಿಡಿಸಿದವು. ಅವು ಓಡಿ ಹೋಗಲ್ಲ ಅನ್ನೋದು ಅವನ ಕಾರಣ.

ಇನ್ನು ಆ ಕೊಂಬು. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮೇಲೆ ಕೇಸು ಬಿದ್ದು ಗಲಾಟೆ ಎದ್ದಿತಲ್ಲ, ಆಗಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ಮನೆಗೆ ಯಾರೇ ಬಂದರೂ ಕೊಂಬಿನ ಮೇಲೆ ಟವೆಲ್ ಹಾಕೋಕೆ ಶುರು ಮಾಡಿದರು, ಟವೆಲ್ ಹಾಕಿದ ಮೇಲೆ ಅದು ಇನ್ನೂ ಜಾಸ್ತಿ ಕಾಣುತ್ತಿತ್ತು. ಕೊಡಗಿನಲ್ಲಿ ಎಷ್ಟು ಹಳೇ ಮನೆಗಳ ಗೋಡೆ ಮೇಲೆ ಏನೇನಿದೆ ಅಂತ ಎಲ್ಲರಿಗೂ ಗೊತ್ತು, ಆ ತಿಂಗಳು ಊರೆಲ್ಲ ಇದೇ ಮಾತು. ಕಡವೆ ತಾನಾಗೇ ಉದುರಿಸಿದ್ದು ಅಂದರೂ ಕಾನೂನಿಗೆ ಅದು ಸರ್ಕಾರದ್ದೇ. 2024ರ ಶುರುವಿನಲ್ಲಿ ಇಂಥವನ್ನ ಅರಣ್ಯ ಇಲಾಖೆಗೆ ವಾಪಸ್ ಕೊಡೋಕೆ ಮೂರು ತಿಂಗಳು ಟೈಮ್ ಕೊಟ್ಟರು. ಪೇಪರಿನಲ್ಲಿ ಸುತ್ತಿ, ಅಮ್ಮನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಕೊಟ್ಟು ಬಂದೆ. ಪಾರ್ಕಿತ್ತು ಅನ್ನೋದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಯಿತು ನೋಡು ಅಂದೆ. ಹೆಂಡತಿ "ಕೊಡೆ ಎಲ್ಲಿ ನೇತು ಹಾಕೋದು ಈಗ" ಅಂದಳು.

ಹೋದ ತಿಂಗಳು ಒಂದು ರಾತ್ರಿ ಕರೆಂಟ್ ಇರಲಿಲ್ಲ. ಮೂವರೂ ಜಗಲಿಯಲ್ಲಿ ಕೂತಿದ್ದೆವು. ಕೆಳಗಿನ ಕೆರೆ ಕಡೆಯಿಂದ "ಢಾಂಕ್" ಅಂತ ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಢಾಂಕ್. ಯಾರೋ ತಗಡು ಬಡಿದ ಹಾಗೆ. ಹೆಂಡತಿ ಯಾವ ಗಾಡಿ ಇದು ಇಷ್ಟು ಹೊತ್ತಿಗೆ ಹಾರ್ನ್ ಹೊಡೆಯೋದು ಅಂದಳು. ಗಾಡಿ ಅಲ್ಲ, ಕಡವೆ, ಏನೋ ನೋಡಿದೆ, ನೋಡಿದ್ದು ಇನ್ನೂ ಅಲ್ಲೇ ಇದೆ, ಅದಕ್ಕೇ ನಿಂತಲ್ಲೇ ಕಾಲು ಬಡಿದು ಕೂಗುತ್ತಿದೆ ಅಂದೆ. ಮಗನನ್ನ ಒಳಗೆ ಕರೆದುಕೊಂಡು ಬಾಗಿಲು ಹಾಕಿದೆವು. ಬೆಳಿಗ್ಗೆ ಎಸ್ಟೇಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು: ಕೆರೆ ಏರಿ ಮೇಲೆ ಹುಲಿ ಹೆಜ್ಜೆ, ಇವತ್ತು ಕೆಳಗಿನ ಬ್ಲಾಕಿಗೆ ಯಾರೂ ಕೆಲಸಕ್ಕೆ ಹೋಗಬೇಡಿ.

ಹೆಂಡತಿ ಫೋನನ್ನ ಎರಡು ಸಲ ಓದಿ ನನಗೆ ವಾಪಸ್ ಕೊಟ್ಟಳು. ಕಾಫಿ ಸೋಸುತ್ತಾ, ನನ್ನ ಕಡೆ ನೋಡದೆ ಕೇಳಿದಳು, "ನಿಮ್ಮ ಗೌರಿಗೂ ಹೀಗೆ ಕೂಗೋಕೆ ಬರ್ತಿತ್ತಾ?"

"ಬರ್ತಿತ್ತು. ನಾಯಿ ನೋಡಿದಾಗಲೆಲ್ಲ ಕೂಗ್ತಿತ್ತು."